ತಲಪಾಡಿಯ ಕೊನೇ ಟ್ರಿಪ್

ಹಗಲಿಡೀ ಕೂಗಿದ ಗಂಟಲು ಇದು,
ರಾತ್ರಿ ಇದನ್ನೇ ಪಿಸುಮಾತಿಗೆ ಇಳಿಸಬೇಕು.
ಚರ್ಮದ ಬ್ಯಾಗನ್ನು ಚಿಲ್ಲರೆ ಸದ್ದಾಗದಂತೆ
ಟವೆಲಿನಲ್ಲಿ ಸುತ್ತಿ ಮೂಲೆಗಿಟ್ಟು
ಚಾಪೆಯ ಅಂಚಿಗೆ ಕೂರುತ್ತೇನೆ.
ಶಾರ್ವಿಗೆ ಐದೂವರೆ ವರ್ಷ.
ಮಾತಿಲ್ಲ. ಕಿವಿ ಮಾತ್ರ ನಮಗಿಂತ ಜಾಸ್ತಿ ಉಂಟು.
ಟ್ಯೂಬ್‌ಲೈಟಿನ ಗುಂಯ್ ಕೇಳುತ್ತದೆ ಅವಳಿಗೆ,
ಪಕ್ಕದ ಮನೆಯ ಫ್ರಿಜ್ಜು ನಿಂತದ್ದು ಕೇಳುತ್ತದೆ,
ಎರಡು ಗಂಟೆಗೆ ನೇತ್ರಾವತಿಯ ಸೇತುವೆಗೆ
ಗೂಡ್ಸು ಗಾಡಿ ಕಾಲಿಡುವ ಮೊದಲೇ
ಎದ್ದು ಕೂತಿರುತ್ತಾಳೆ
ಕಣ್ಣರಳಿಸಿ, ಬೆರಳು ಕುಣಿಸುತ್ತ,
ಯಾರನ್ನೋ ಎದುರುಗೊಳ್ಳುವವಳ ಹಾಗೆ.

ಆಮೇಲೆ ಬೆಳಗಿನ ತನಕ ನಾವು ಮೂವರೂ.

ಹೇಳುವವರು ಹೇಳಿದರು. ನೂಲು ಕಟ್ಟಿಸಿ ಅಂದರು,
ಜಾಯಿಕಾಯಿ ತೇಯ್ದು ಕೊಡಿ ಅಂದರು,
ಮೇಲಿನ ಮನೆಯ ಮೇಸ್ಟ್ರು
ಒಂದು ಏಟು ಬಿದ್ದರೆ ಮಲಗುತ್ತಾಳೆ ಅಂದರು.
ಅಂದಿನಿಂದ ನನ್ನ ಬಸ್ಸಿನಲ್ಲಿ
ಅವರಿಗೆ ಕೊಡಲು ಚಿಲ್ಲರೆ ಇರುವುದಿಲ್ಲ.

ಕಂಕನಾಡಿಯ ಥೆರಪಿ ಮೇಡಂ ಮಾತ್ರ
ಮೊದಲು ಬಬಿತಾಳ ಕಣ್ಣ ಕೆಳಗಿನ ಕಪ್ಪು ನೋಡಿ
ನಿಮಗೆ ಎಷ್ಟು ಗಂಟೆ ನಿದ್ದೆ ಅಂತ ಕೇಳಿದರು.
ಗೇರುಬೀಜದ ಫ್ಯಾಕ್ಟರಿಯಲ್ಲಿ ನಿಂತಲ್ಲೇ ತೂಕಡಿಸುವವಳು
ಅಲ್ಲಿ, ಅವರ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅತ್ತಳು.
ಅವರು ಹೇಳಿದ್ದು ಇಷ್ಟೇ:
ಬೆಳಕು ಕಮ್ಮಿ. ಮೈಮೇಲೆ ಸ್ವಲ್ಪ ಭಾರ.
ದಿನವೂ ಒಂದೇ ಹೊತ್ತು, ಒಂದೇ ಕ್ರಮ.

ಭಾರದ ಹೊದಿಕೆಗೆ ನಾಲ್ಕು ಸಾವಿರವಂತೆ.
ಬಬಿತಾ ಹಳೇ ಸೀರೆ ಮಡಚಿ, ಚೌಕ ಚೌಕ ಹೊಲಿದು
ಒಂದೊಂದಕ್ಕೂ ಒಂದೊಂದು ಹಿಡಿ ಹುಣಸೆಬೀಜ ತುಂಬಿದಳು.
ಈ ಊರಿನ ಸೆಕೆಗೆ ಹೊದಿಕೆ ಯಾರು ಹೊದ್ದಾರು?
ಕಾಲಿನ ಮೇಲೆ ಮಾತ್ರ ಹಾಸಿದೆವು.
ಮಗ್ಗುಲಾದಾಗ ಬೀಜ ಸರಿಯುವ ಸದ್ದು,
ತೆರೆ ಹಿಂದೆ ಹೋಗುವಾಗ ಚಿಪ್ಪುಗಳು ಉರುಳಿದ ಹಾಗೆ.

ಕ್ರಮ?
ಕ್ರಮ ಅಂದರೆ ನನಗೆ ಗೊತ್ತಿರುವುದು ಒಂದೇ.

ಸ್ಟೇಟ್‌ಬ್ಯಾಂಕ್, ಹಂಪನಕಟ್ಟೆ, ಜ್ಯೋತಿ,
ಕಂಕನಾಡಿ, ಪಂಪ್‌ವೆಲ್, ಎಕ್ಕೂರು...
ಕಿವಿಯ ಹತ್ತಿರ ಅಲ್ಲ, ಅದು ಅವಳಿಗಾಗುವುದಿಲ್ಲ,
ಬೆನ್ನ ಹಿಂದೆ ಕೂತು, ಗಾಳಿಗೆ ಹೇಳಿದ ಹಾಗೆ.
ಒಂದು ದಿನ ಅವಸರಕ್ಕೆ ಪಂಪ್‌ವೆಲ್ ಬಿಟ್ಟೆ.
ಎದ್ದು, ಗದ್ದ ಹಿಡಿದು ನನ್ನ ಮುಖ ತಿರುಗಿಸಿದಳು.
ಮತ್ತೆ ಸ್ಟೇಟ್‌ಬ್ಯಾಂಕಿನಿಂದ.
ಜೆಪ್ಪಿನಮೊಗರು ಇನ್ನೂ ಕಷ್ಟ.
ಅದು ನಮ್ಮ ಸ್ಟಾಪು. ಹೆಸರು ಕೇಳಿದ್ದೇ
ಚಪ್ಪಲಿ ಹುಡುಕುತ್ತಿದ್ದಳು, ಇಳಿಯಲಿಕ್ಕೆ.
ಒಂದು ತಿಂಗಳು ಹಿಡಿಯಿತು
ಮನೆಯನ್ನು ದಾಟಿ ಹೋದರೂ
ಮನೆ ಅಲ್ಲೇ ಇರುತ್ತದೆಂದು
ಅವಳ ಬೆನ್ನಿಗೆ ನಂಬಿಕೆ ಬರಲು.

ಸೇತುವೆ. ಇಲ್ಲಿ ನಾನು ಸುಮ್ಮನಿರುತ್ತೇನೆ,
ಎರಡು ಉಸಿರಿನಷ್ಟು ನೀರು.
ಕಲ್ಲಾಪು, ತೊಕ್ಕೊಟ್ಟು, ಕೋಲ್ಯ, ಬೀರಿ...
ಕೆಲವು ದಿನ ಉಚ್ಚಿಲಕ್ಕೆ ಮುಷ್ಟಿ ಸಡಿಲ.
ಕೆಲವು ದಿನ ತಲಪಾಡಿಯೂ ಬಂತು,
ಮುಂದೆ ಕೇರಳ, ನಮ್ಮ ಪರ್ಮಿಟ್ ಅಲ್ಲಿಗೆ ಮುಗಿಯಿತು,
ಅವಳ ಕಣ್ಣು ಇನ್ನೂ ಫಳಫಳ.

ಮೊನ್ನೆ ಡಬಲ್ ಡ್ಯೂಟಿ. ಕಲ್ಲಾಪಿನಲ್ಲಿ
ನಾನೇ ಗೋಡೆಗೊರಗಿ ಕುಸಿದೆ.
ಎಷ್ಟು ಹೊತ್ತೋ. ಕತ್ತಲಲ್ಲಿ ನನ್ನ ಎದೆಗೂಡಿನ ಮೇಲೆ
ಟಪ್ ಟಪ್.
ಬಸ್ಸಿನ ಬದಿಗೆ ನಾನು ಬಡಿಯುವ ಹಾಗೆಯೇ.
ಒಂದು ಬಡಿದರೆ ನಿಲ್ಲು, ಎರಡಾದರೆ ಹೋಗು.
ಇದನ್ನು ನಾನು ಕಲಿಸಿದ್ದಲ್ಲ.
ರೈಟ್, ಅಂದೆ. ಗಂಟಲು ಕಟ್ಟಿತ್ತು.
ತೊಕ್ಕೊಟ್ಟು.

ಆ ರಾತ್ರಿ ಗೂಡ್ಸು ಗಾಡಿ ಬಂದು ಹೋಯಿತು.
ಎದ್ದು ಕೂತವರು ನಾವಿಬ್ಬರೇ.
ಬಬಿತಾ ಅವಳ ಮೂಗಿನ ಬಳಿ ಬೆರಳು ಹಿಡಿದು ನೋಡಿದಳು,
ಆಮೇಲೆ ನಾನೂ ಹಿಡಿದೆ.

ನಿನ್ನೆ ಮತ್ತೆ ಎರಡಕ್ಕೇ ಎದ್ದಳು. ಇರಲಿ.
ಬೆಳಗಿನ ಫಸ್ಟ್ ಟ್ರಿಪ್ಪಿನಲ್ಲಿ
ಪಂಪ್‌ವೆಲ್ ಎಂದು ಕೂಗಹೋದ ದನಿ
ಪಿಸುಮಾತಾಗಿಯೇ ಹೊರಗೆ ಬಂತು.
ಯಾರೂ ಇಳಿಯಲಿಲ್ಲ.
ಡ್ರೈವರ್ ವಲೇರಿಯನ್ ಕನ್ನಡಿಯಲ್ಲಿ ನೋಡಿ
ಎಂತ ಮಾರಾಯ, ನಿದ್ದೆಯಾ ಅಂದ.
ತಗಡಿಗೆ ಎರಡು ಬಡಿದೆ.